ಹಳೆ ಮುರಕಲ್ಲಿನ ಗೋಡೆಗೆ ಯಾವ ಸುಣ್ಣ? ಪೇಟೆಯಲ್ಲಿ ಸಿಗುವ ನಾಲ್ಕು ಸಾಮಾನುಗಳ ವಿಮರ್ಶೆ

ಮಹಾಳಿಗೆ, ಅಂದರೆ ಅಡಿಕೆಯ ಕೊಳೆರೋಗಕ್ಕೆ, ಮದ್ದು ಬಿಡುವ ಬೆಳೆಗಾರರಿಗೆ ಸುಣ್ಣದ ಗುಣ ಯಾರೂ ಹೇಳಿಕೊಡಬೇಕಾಗಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣದ ಸತ್ವ ಹೋಗಿದ್ದರೆ ಅದ್ದಿದ ಕತ್ತಿಯ ಅಲಗಿಗೆ ತಾಮ್ರದ ಬಣ್ಣ ಕೂರುತ್ತದೆ, ಕೂಡಲೇ ಇನ್ನಷ್ಟು ಸುಣ್ಣ ಸೇರಿಸುತ್ತಾರೆ. ಇಷ್ಟೆಲ್ಲ ಗೊತ್ತಿರುವ ಮನೆಯಲ್ಲೇ ಅಜ್ಜನ ಕಾಲದ ಗೋಡೆ ಉದುರತೊಡಗಿದರೆ ಪೇಟೆಯಿಂದ ಬರುವುದು ಸಿಮೆಂಟಿನ ಚೀಲ. ಎರಡು ಮಳೆಗಾಲ ಗೋಡೆ ಚೆಂದ ಕಾಣುತ್ತದೆ. ಮೂರನೆಯದಕ್ಕೆ ನೆಲದಿಂದ ಮೂರಡಿ ಎತ್ತರದವರೆಗೆ ಕಪ್ಪು ಪಸೆ, ಅದರ ಮೇಲೆ ಬಿಳಿ ಉಪ್ಪು.

ಇಲ್ಲಿ ನೋಡುತ್ತಿರುವುದು ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಕೊಳ್ಳಬಹುದಾದ, ಇಲ್ಲವೇ ತರಿಸಿಕೊಳ್ಳಬಹುದಾದ ನಾಲ್ಕು ಸಾಮಾನುಗಳನ್ನು: ಸುಟ್ಟ ಚಿಪ್ಪಿನ ಸುಣ್ಣ, ಚೀಲದಲ್ಲಿ ಬರುವ ಪುಡಿ ಸುಣ್ಣ, ಹೊರದೇಶದ ಹೈಡ್ರಾಲಿಕ್ ಸುಣ್ಣ, ಮತ್ತು ಎಲ್ಲರೂ ಕೊಳ್ಳುವ ಸಿಮೆಂಟು–ವಾಲ್ ಪುಟ್ಟಿ ಜೋಡಿ. ಪ್ರಶ್ನೆ ಒಂದೇ. ಸುಣ್ಣದ ಗಾರೆಯಲ್ಲೋ ಬರೀ ಮಣ್ಣಿನಲ್ಲೋ ಕಟ್ಟಿದ ಹಳೆ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಇದು ಹಿಡಿಯುತ್ತದೆಯೇ, ಹಿಡಿದ ಮೇಲೆ ಗೋಡೆಯನ್ನು ಉಳಿಸುತ್ತದೆಯೇ? ಹೊಸ ಮನೆ ಕಟ್ಟುವವರಿಗೆ ಈ ಬರಹದಿಂದ ಹೆಚ್ಚು ಪ್ರಯೋಜನವಿಲ್ಲ. ಗುತ್ತಿನ ಮನೆ, ತರವಾಡು, ದೈವಸ್ಥಾನದ ಪಾಗಾರ, ಹಳೆ ಪಳ್ಳಿ, ಹಂಚಿನ ಮಾಡಿನ ಶಾಲೆ ನೋಡಿಕೊಳ್ಳುವವರು ಓದಬಹುದು. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಚಿಪ್ಪಿನ ಸುಣ್ಣಕ್ಕೆ ಸಾಟಿಯಿಲ್ಲ, ಆದರೆ ಅದಕ್ಕೆ ಪುರುಸೊತ್ತು ಬೇಕು. ಪುರುಸೊತ್ತಿಲ್ಲದವರು ಗೋಡೆ ಮುಟ್ಟದೆ ಮಾಡಿನ ಹಂಚು ಸರಿಮಾಡಿಸಿ ಸುಮ್ಮನಿರುವುದೇ ಲೇಸು.

ಸಾಮಾನಿಗಿಂತ ಮೊದಲು ಗೋಡೆ. ಬೇಕಲ, ಚಂದ್ರಗಿರಿ, ಹೊಸದುರ್ಗ, ಆರಿಕ್ಕಾಡಿ, ಹೀಗೆ ಇಕ್ಕೇರಿಯ ನಾಯಕರು ಈ ಕಡೆ ಬಿಟ್ಟುಹೋದ ಕೋಟೆಗಳೆಲ್ಲ ಮುರಕಲ್ಲಿನವೇ. 17ನೆಯ ಶತಮಾನದ ನಡುವೆ ಶಿವಪ್ಪ ನಾಯಕ ಕಟ್ಟಿಸಿದ ಬೇಕಲ ಕೋಟೆಯೊಂದೇ ಸುಮಾರು 40 ಎಕರೆ ಹರಡಿದೆ. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ನೋಡಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ವರದಿಯಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದೊಳಗಿದ್ದಾಗ ಕಬ್ಬಿಣದ ಹತಾರಕ್ಕೆ ಸಲೀಸಾಗಿ ಸಿಗುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ ಎಂಬುದನ್ನು ಅವನೂ ಗಮನಿಸಿದ್ದ. ನಮಗೆ ಬೇಕಾದ ಮಾತು ಬೇರೆ. ಈ ಕಲ್ಲಿನ ಮೈತುಂಬ ತೂತು. ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಗೆಯಲ್ಲಿ ಹೊರಗೆ ಬಿಡಬೇಕು, ಬಿಡಲು ದಾರಿ ಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ ಆ ದಾರಿ ಮುಚ್ಚಿದವನೇ ಗೋಡೆಯ ಶತ್ರು.

ಸುಣ್ಣದ ಸಂದು ಕಲ್ಲಿಗಿಂತ ಮೆತ್ತಗೆ. ಹಾಗಾಗಿ ತೇವ ಸಂದಿನ ಮೂಲಕ ಹೊರಬರುತ್ತದೆ, ಉಪ್ಪು ಸಂದಿನಲ್ಲೇ ಹರಳುಗಟ್ಟುತ್ತದೆ, ಸವೆಯುವುದೂ ಸಂದೇ. ಐವತ್ತು ವರ್ಷಕ್ಕೊಮ್ಮೆ ಸಂದು ತುಂಬಿಸಿದರೆ ಕಲ್ಲು ಹಾಗೇ ಉಳಿಯುತ್ತದೆ. ಸಿಮೆಂಟಿನದು ತದ್ವಿರುದ್ಧ. ಸಂದು ಕಲ್ಲಿಗಿಂತ ಗಟ್ಟಿ, ಸಾರಣೆಯಲ್ಲಿ (ಪ್ಲಾಸ್ಟರಿನಲ್ಲಿ) ಉಸಿರಾಟವಿಲ್ಲ. ತೇವ ಕಲ್ಲಿನಲ್ಲೇ ನಿಂತು ಅಲ್ಲೇ ಉಪ್ಪು ಬಿಡುತ್ತದೆ. ಕಡಲ ಗಾಳಿ ತರುವ ಉಪ್ಪು ಸಾಲದೆಂದು ಸಿಮೆಂಟು ತನ್ನದನ್ನೂ ಸೇರಿಸುತ್ತದೆ. ಹತ್ತಿಪ್ಪತ್ತು ವರ್ಷ ಹಳೆಯ ಸಿಮೆಂಟ್ ಸಾರಣೆಯನ್ನು ಬೆರಳ ಗಂಟಿನಿಂದ ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದಲ್ಲಿ ಉಳಿ ಹಾಕಿ ನೋಡಿ. ಸಾರಣೆ ಇಡಿಯಾಗಿ ಕಳಚಿಕೊಳ್ಳುತ್ತದೆ, ಅದರ ಬೆನ್ನಿಗೆ ಕಾಲಿಂಚು ಕಲ್ಲೂ ಅಂಟಿ ಬರುತ್ತದೆ. ಗೋಡೆಯಲ್ಲಿ ಉಳಿದದ್ದನ್ನು ಹೆಬ್ಬೆರಳಿನಿಂದ ಉಜ್ಜಿದರೆ ಕೆಂಪು ಪುಡಿ, ನಡುನಡುವೆ ಉಪ್ಪಿನ ಬಿಳಿ ಎಳೆ. ಕಲ್ಲು ಹಳತಾಗಿ ಹೋಯಿತು ಎಂದು ಮೇಸ್ತ್ರಿ ಹೇಳುತ್ತಾನೆ. ನೂರೈವತ್ತು ವರ್ಷ ಹೋಗದ ಕಲ್ಲು ಈ ಇಪ್ಪತ್ತರಲ್ಲೇ ಯಾಕೆ ಹೋಯಿತು ಎಂದು ಅವನನ್ನು ಕೇಳಿ.

ಕೈ ಹಚ್ಚುವ ಮೊದಲು ಕಾನೂನಿನ ಮಾತೊಂದು. ಬೇಕಲ ಕೋಟೆ ಕೇಂದ್ರದ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿದೆ. ಚಂದ್ರಗಿರಿ ಕೋಟೆ ಕೇರಳ ರಾಜ್ಯ ಪುರಾತತ್ವ ಇಲಾಖೆಯದು. ಕೇಂದ್ರದ ರಕ್ಷಣೆಯ ಸ್ಮಾರಕವಾದರೆ 1958ರ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿಯಂತೆ ಸುತ್ತ 100 ಮೀಟರು ನಿಷೇಧಿತ, ಅದರಾಚೆಗೆ ಮತ್ತೆ 200 ಮೀಟರು ನಿಯಂತ್ರಿತ. ನಿಷೇಧಿತ ಎಲ್ಲೆಯೊಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಇರುವ ಮನೆಯ ದುರಸ್ತಿ ಮಾಡಬಹುದು, ಆದರೆ ಅರ್ಜಿ ಹಾಕಿ ಅನುಮತಿ ಪಡೆದ ಮೇಲೆ. ಸ್ಮಾರಕಕ್ಕೇ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಕೋಟೆಯ ಬದಿಯ ಪಾಗಾರಕ್ಕೆ ಸುಣ್ಣ ಹೊಡೆಯುವ ಹುರುಪು ಬಂದರೆ ಇದು ನೆನಪಿರಲಿ. ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿನ 1966ರ ಕಾಯ್ದೆಯ ರಾಷ್ಟ್ರೀಯ ಪಟ್ಟಿಗೆ ಕಟ್ಟಡದ ಹೆಸರು ಸೇರಿದ ಮಾತ್ರಕ್ಕೆ ಖಾಸಗಿ ಮಾಲಕನ ಕೈ ಕಟ್ಟುವುದಿಲ್ಲ. ಸರಕಾರದ ಹಣವೋ ಪರವಾನಗಿಯೋ ನಡುವೆ ಬಂದಾಗ ಮಾತ್ರ ತಪಾಸಣೆ, ಉಳಿದದ್ದು ಊರಿನ ನಗರಸಭೆಯ ನಿಯಮಕ್ಕೆ ಬಿಟ್ಟದ್ದು. ನಮ್ಮ ಕಾನೂನು ಕಾಗದದ ಮೇಲೆ ಎಷ್ಟೋ ಬಿಗಿ. ಪಟ್ಟಿಯಲ್ಲಿಲ್ಲದ ಮನೆಗಳಿಗೆ ಮಾತ್ರ ಯಾವ ಕಾವಲೂ ಇಲ್ಲ, ನಮ್ಮ ಊರುಗಳಲ್ಲಿ ಹೆಚ್ಚಿನವು ಅಂಥವೇ.

ಈಗ ಚಿಪ್ಪಿನ ಸುಣ್ಣಕ್ಕೆ ಬರೋಣ. ಹೊಳೆಬಾಯಿಯ ಮರುವಾಯಿ ಚಿಪ್ಪು ಹೆಚ್ಚುಕಡಿಮೆ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟು. ಗೂಡಿನಲ್ಲಿ ಸುಮಾರು 900 ಡಿಗ್ರಿಯಲ್ಲಿ ಸುಟ್ಟಾಗ ಅನಿಲ ಹೋಗಿ ನೂರು ಕಿಲೋ ಚಿಪ್ಪು 56 ಕಿಲೋಗೆ ಇಳಿಯುತ್ತದೆ. ನೀರು ಕುಡಿಸಿ ಅರಳಿಸಿದರೆ ಒಣಪುಡಿಯ ಲೆಕ್ಕದಲ್ಲಿ 74 ಕಿಲೋ. ಸುಣ್ಣಕ್ಕಾಗಿ ಇರುವ ಭಾರತೀಯ ಮಾನಕ ಐಎಸ್ 712ರಲ್ಲಿ ಇದು ಸಿ ವರ್ಗ, ಅಂದರೆ ನೀರಿನಿಂದ ಗಟ್ಟಿಯಾಗದೆ ಗಾಳಿಯಿಂದ ಮಾತ್ರ ಗಟ್ಟಿಯಾಗುವ ಜಾತಿ. ಗಾಳಿಯ ಇಂಗಾಲಾಮ್ಲವನ್ನು ಹೀರಿ ಮತ್ತೆ ಚಿಪ್ಪಿನ ಮೂಲ ದ್ರವ್ಯವೇ ಆಗುತ್ತದೆ. ಈ ಕೆಲಸಕ್ಕೆ ತುಸು ತೇವ ಬೇಕು, ಹೆಚ್ಚು ತೇವ ಆಗದು, ಅವಸರವಂತೂ ಆಗುವುದೇ ಇಲ್ಲ. ಅದರ ಗುಣವೂ ದೋಷವೂ ಇದೊಂದರಿಂದಲೇ ಬರುತ್ತವೆ.

ಕೊಳ್ಳುವಾಗ ನೋಡಬೇಕಾದ್ದು: ಚೆನ್ನಾಗಿ ಸುಟ್ಟ ಚಿಪ್ಪು ತನ್ನ ಆಕಾರ ಬಿಟ್ಟಿರುವುದಿಲ್ಲ, ಆದರೆ ಕೈಗೆ ಹಗುರ, ಎರಡು ಬೆರಳ ನಡುವೆ ಮುರಿಯುತ್ತದೆ. ಅಂಗಡಿಯ ಗೋಣಿಯೊಳಗೆ ಆಗಲೇ ಪುಡಿಯಾಗಿ ಕೂತಿದ್ದರೆ ಗಾಳಿಯ ತೇವಕ್ಕೆ ಅರಳಿ ಸತ್ವ ಕಳೆದುಕೊಂಡಿದೆ ಎಂದೇ ತಿಳಿಯಿರಿ. ಅದು ತೋಟದ ಮಣ್ಣಿಗೆ ಹಾಕಲು ಸಾಕು, ಗೋಡೆಗೆ ಬೇಡ. ಒಂದು ಕಿಲೋ ಮಾದರಿ ತಂದು ಕಬ್ಬಿಣದ ಪಾತ್ರೆಯ ನೀರಿಗೆ ಹಾಕಿ. ಕೆಲವೇ ನಿಮಿಷದಲ್ಲಿ ಬುಸುಗುಟ್ಟಿ ಕುದಿದು ಒಡೆಯಬೇಕು. ಆರಿದ ಮೇಲೆ ಜಾಲರಿಯಲ್ಲಿ ಸೋಸಿ, ಉಳಿದ ಗಟ್ಟಿ ಚೂರುಗಳನ್ನು ಒಣಗಿಸಿ ತೂಗಿ. ನೂರು ಗ್ರಾಮಿಗಿಂತ ಹೆಚ್ಚಿದ್ದರೆ ಗೂಡಿನಲ್ಲಿ ಬೆಂಕಿ ಸರಿಯಾಗಿ ಹಿಡಿದಿಲ್ಲ, ಬೇರೆ ಕಡೆ ನೋಡಿ. ಸುಟ್ಟದ್ದನ್ನು ಡಬ್ಬಿಯಲ್ಲಿ ಮುಚ್ಚಿ ತಂದು ಎರಡು ಮೂರು ದಿನದೊಳಗೆ ನೀರಿಗೆ ಹಾಕಿಬಿಡಬೇಕು. ಮಳೆ ಹಿಡಿಯುವ ಮುಂಚೆ, ಅಡಿಕೆ ಮದ್ದಿನ ಗಿರಾಕಿ ಹೆಚ್ಚಾದಾಗ, ಅಂಗಡಿಯವರು ಯಾವುದನ್ನೂ ಆರಿಸಲು ಬಿಡುವುದಿಲ್ಲ. ಗೋಡೆಯ ಸುಣ್ಣ ಕೊಳ್ಳುವುದಾದರೆ ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಮಳೆ ನಿಂತ ಮೇಲೆ ಹೋಗಿ.

ಅರಳಿಸಲು ಅರ್ಧ ಕತ್ತರಿಸಿದ ಡಾಂಬರು ಡ್ರಮ್ಮು ಒಳ್ಳೆಯದು. ಪ್ಲಾಸ್ಟಿಕ್ ಬಕೆಟು ಶಾಖಕ್ಕೆ ಕರಗುತ್ತದೆ. ಮೊದಲು ನೀರು, ಆಮೇಲೆ ಸುಣ್ಣ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ನೀರು, ಸ್ವಲ್ಪ ಸ್ವಲ್ಪವೇ ಹಾಕುತ್ತ ಉದ್ದ ಹಿಡಿಯ ಗುದ್ದಲಿಯಿಂದ ಕಲಸುತ್ತ ಹೋಗಬೇಕು. ಸುಣ್ಣದ ರಾಶಿಯ ಮೇಲೆ ನೀರು ಚಿಮುಕಿಸುವ ಅಭ್ಯಾಸ ಅಪಾಯದ್ದು, ನಡುವೆ ಕುದಿಬಂದು ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ. ಸಿಡಿದರೆ ಹದಿನೈದು ಇಪ್ಪತ್ತು ನಿಮಿಷ ಶುದ್ಧ ನೀರಿನಲ್ಲಿ ತೊಳೆದು ಸೀದಾ ಆಸ್ಪತ್ರೆಗೆ ಹೋಗಬೇಕು. ಮಕ್ಕಳೂ ದನಗಳೂ ಸುಳಿಯದ ಜಾಗದಲ್ಲಿ ಈ ಕೆಲಸ ಆಗಲಿ.

ಕುದಿ ನಿಂತದ್ದನ್ನು ಸಣ್ಣ ಕಣ್ಣಿನ ಜಾಲರಿಯಲ್ಲಿ ಸೋಸಿ ತೊಟ್ಟಿಗೋ ಹೊಂಡಕ್ಕೋ ಇಳಿಸಿ, ಮೇಲೆ ಎರಡಿಂಚು ನೀರು ಸದಾ ನಿಂತಿರುವಂತೆ ನೋಡಿಕೊಳ್ಳಿ. ಮೂರು ವಾರಕ್ಕಿಂತ ಮೊದಲು ಮುಟ್ಟಬಾರದು, ಮೂರು ತಿಂಗಳು ಬಿಟ್ಟರೆ ಇನ್ನೂ ಒಳ್ಳೆಯದು. ಯಾಕೆ ಇಷ್ಟು ಕಾಯಬೇಕೆಂದರೆ ಅತಿಯಾಗಿ ಸುಟ್ಟ ಕಣಗಳು ನೀರು ಕುಡಿಯಲು ತಡಮಾಡುತ್ತವೆ. ಅವು ಹೊಂಡದಲ್ಲಿ ಅರಳದಿದ್ದರೆ ಗೋಡೆಯಲ್ಲಿ ಅರಳುತ್ತವೆ. ಆಗ ಸಾರಣೆಯ ಮೇಲೆ ಕಡಲೆಗಾತ್ರದ ಗುಂಡಿ ಬಿದ್ದು ನಡುವೆ ಬಿಳಿ ಚುಕ್ಕೆ ಕಾಣುತ್ತದೆ. ನೆನೆದ ಸುಣ್ಣದ ಹದ ನೋಡಲು ಲೀಟರ್ ಅಳತೆಯೊಂದನ್ನು ಒತ್ತಿ ತುಂಬಿ ತೂಗಿ. 1.35ರಿಂದ 1.4 ಕಿಲೋ ಬಂದರೆ ಸರಿ. ಅದಕ್ಕಿಂತ ಹಗುರವಿದ್ದರೆ ನೀರು ಹೆಚ್ಚಿದೆ, ಮೇಲಿನ ನೀರು ಬಸಿದು ಇನ್ನೂ ಕೂರಲು ಬಿಡಿ. ಹದಕ್ಕೆ ಬಂದ ಸುಣ್ಣದಲ್ಲಿ ಕರಣೆ ಇಳಿಸಿ ಎತ್ತಿದರೆ ಕೊಯ್ದ ಗುರುತು ಕೂಡಿಕೊಳ್ಳದೆ ನಿಲ್ಲುತ್ತದೆ, ಅಲಗಿನ ಮೇಲೆ ನುಣ್ಣನೆಯ ಪದರ ಬಿಡುತ್ತದೆ, ಉಜ್ಜಿದರೆ ಬೆರಳಿಗೆ ಒಂದು ಹರಳೂ ಸಿಗುವುದಿಲ್ಲ.

ಹೊಯ್ಗೆಯ (ಮರಳಿನ) ವಿಷಯದಲ್ಲಿ ಸಡಿಲ ಬಿಡುವಂತಿಲ್ಲ. ಹೊಳೆಬಾಯಿಯ ಹತ್ತಿರದ ಹೊಯ್ಗೆಗೆ ಉಪ್ಪುನೀರು ಹತ್ತಿರುತ್ತದೆ, ಕಡಲ ಹೊಯ್ಗೆಯಂತೂ ಬೇಡವೇ ಬೇಡ. ನಾಲಗೆಗೆ ಉಪ್ಪು ತಾಗಿದರೆ ಬಾವಿನೀರಿನಲ್ಲಿ ತೊಳೆಯಿರಿ. ಗಾಜಿನ ಬಾಟಲಿಯಲ್ಲಿ ಅರ್ಧ ಹೊಯ್ಗೆ, ಮುಕ್ಕಾಲಿನವರೆಗೆ ನೀರು ಹಾಕಿ ಕುಲುಕಿ ಒಂದು ರಾತ್ರಿ ಇಡಿ. ಮೇಲೆ ಕೂತ ಕೆಸರಿನ ಪದರ ಹೊಯ್ಗೆಯ ಎತ್ತರದ ಹನ್ನೆರಡರಲ್ಲಿ ಒಂದು ಪಾಲು ಮೀರಿದರೆ ಅದನ್ನೂ ತೊಳೆಯಬೇಕು. ಎಂ ಸ್ಯಾಂಡ್ ಆಗಬಹುದು, ಅದರಲ್ಲಿರುವ ಕಲ್ಲುಹುಡಿ ಜರಡಿ ಹಿಡಿದು ತೆಗೆದ ಮೇಲೆ.

ಉಪ್ಪಿನ ಮಾತು ಬಂದಾಗ ಅಮೆರಿಕದ ಜಾರ್ಜಿಯಾ ರಾಜ್ಯದ ಕರಾವಳಿಯನ್ನು ನೆನೆಯಲೇಬೇಕು. ಅಲ್ಲಿ ಒಳ್ಳೆಯ ಕಟ್ಟಡಕಲ್ಲು ಇಲ್ಲ, ಇದ್ದದ್ದು ಮೂಲನಿವಾಸಿಗಳು ತಲೆಮಾರುಗಳ ಕಾಲ ತಿಂದೆಸೆದ ಸಿಂಪಿಯ ಚಿಪ್ಪಿನ ದಿಬ್ಬಗಳು. ಚಿಪ್ಪು ಸುಟ್ಟು ಸುಣ್ಣ ಮಾಡಿ, ಅದಕ್ಕೆ ಸಮಸಮ ಹೊಯ್ಗೆ, ಇಡೀ ಚಿಪ್ಪು, ನೀರು ಕಲಸಿ ಹಲಗೆಯ ಅಚ್ಚಿನೊಳಗೆ ಒಂದೊಂದೇ ಅಡಿಯಷ್ಟು ತುಂಬುತ್ತ ಗೋಡೆ ಎಬ್ಬಿಸಿದರು. ಟ್ಯಾಬಿ ಎನ್ನುತ್ತಾರೆ. 1736ರಲ್ಲಿ ಸೇಂಟ್ ಸೈಮನ್ಸ್ ದ್ವೀಪದಲ್ಲಿ ನೆಲೆಗೊಂಡ ಫೋರ್ಟ್ ಫ್ರೆಡೆರಿಕಾ, ಜೆಕಿಲ್ ದ್ವೀಪದಲ್ಲಿ 1743ರ ಹಾರ್ಟನ್ ಮನೆ, ಸವಾನಾ ಬಳಿಯ ವರ್ಮ್‌ಸ್ಲೋ ಎಲ್ಲದರಲ್ಲೂ ಈ ಟ್ಯಾಬಿ ಗೋಡೆಯ ಅವಶೇಷ ಇನ್ನೂ ನಿಂತಿದೆ, ಎಲ್ಲವೂ ಈಗ ಸರಕಾರದ ರಕ್ಷಣೆಯಲ್ಲಿವೆ. ಮುಂದೆ 19ನೆಯ ಶತಮಾನದಲ್ಲಿ ಸಪೆಲೊ ದ್ವೀಪದ ತೋಟಗಾರ ಥಾಮಸ್ ಸ್ಪಾಲ್ಡಿಂಗ್ ಈ ವಿದ್ಯೆಯನ್ನು ಮತ್ತೆ ಚಾಲ್ತಿಗೆ ತಂದ. ಚಿಪ್ಪು ಹೊತ್ತು ಗೋಡೆ ಎಬ್ಬಿಸಿದ ದುಡಿಮೆ ಅವನ ತೋಟದ ಗುಲಾಮರದು. ಆ ಗೋಡೆಗಳು ಕಲಿಸುವ ಪಾಠ ಎರಡು. ಚಿಪ್ಪನ್ನು ಸಿಹಿನೀರಿನಲ್ಲಿ ತೊಳೆಯದೆ ಹಾಕಿದರೆ ಉಪ್ಪು ಗೋಡೆಯೊಳಗೇ ಉಳಿಯುತ್ತದೆ. ಎರಡನೆಯದು, ಹೊರಮೈಯ ಸುಣ್ಣದ ಸಾರಣೆ ಕಳಚಿದ್ದನ್ನು ಹಾಗೇ ಬಿಟ್ಟರೆ ಮಳೆಗೆ ಗೋಡೆಯೇ ಸವೆಯುತ್ತದೆ, ಸಿಮೆಂಟಿನಿಂದ ತೇಪೆ ಹಾಕಿದರೆ ತೇಪೆಯ ಸುತ್ತಲಿನ ಟ್ಯಾಬಿ ಉದುರುತ್ತದೆ. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ ಹಳೆ ಗೋಡೆಯ ಸಂದು ತುಂಬಿಸುವವರಿಗೆ ಕೊಡುವ ಸೂಚನೆಯ ತಿರುಳೂ ಇದೇ: ಹೊಸ ಗಾರೆ ಕಲ್ಲಿಗಿಂತ ಮೆತ್ತಗಿರಬೇಕು, ತೇವವನ್ನು ಹೆಚ್ಚು ಸಲೀಸಾಗಿ ಬಿಡಬೇಕು. ನಮ್ಮ ಮರುವಾಯಿ ಸುಣ್ಣಕ್ಕೂ ಅವರ ಸಿಂಪಿ ಸುಣ್ಣಕ್ಕೂ ರಾಸಾಯನಿಕವಾಗಿ ವ್ಯತ್ಯಾಸವೇನೂ ಇಲ್ಲ, ಸುಡುವವರು ಕೇಳಬೇಕಾದ ಪ್ರಶ್ನೆಯೂ ಒಂದೇ: ಚಿಪ್ಪು ತೊಳೆದದ್ದೇ?

ಗಾರೆಗೆ ಒಂದು ಪಾಲು ನೆನೆದ ಸುಣ್ಣ, ಮೂರು ಪಾಲು ಹೊಯ್ಗೆ. ನೀರು ಹಾಕಬಾರದು. ಶುರುವಿಗೆ ಪುಡಿಪುಡಿಯಾಗಿ, ಇದು ಕೂಡುವುದೇ ಇಲ್ಲ ಎನಿಸುತ್ತದೆ. ಇಪ್ಪತ್ತು ನಿಮಿಷ ಕುಟ್ಟಿ ತುಳಿದು ಮಗುಚಿದರೆ ಸುಣ್ಣದೊಳಗಿನ ನೀರೇ ಹೊರಬಂದು ಹದವಾಗುತ್ತದೆ. ಸಿಮೆಂಟಿಗೆ ಒಗ್ಗಿದ ಕೈ ಇಲ್ಲೇ ಕೊಡಪಾನ ಬಗ್ಗಿಸುವುದು. ಹೆಚ್ಚು ನೀರು ಬಿದ್ದ ಗಾರೆ ಆರುವಾಗ ಕುಗ್ಗಿ ಜೇಡರ ಬಲೆಯ ಹಾಗೆ ಬಿರಿಯುತ್ತದೆ. ಲೆಕ್ಕ ಬೇಕಿದ್ದವರಿಗೆ: ನೂರು ಚದರಡಿ ಗೋಡೆಗೆ 12 ಮಿಲಿಮೀಟರು ದಪ್ಪದ ಒಂದು ಪದರಕ್ಕೆ, ತಗ್ಗುದಿಣ್ಣೆ ತುಂಬುವುದೂ ಉದುರಿಹೋಗುವುದೂ ಸೇರಿ, ಹೊಯ್ಗೆ 5 ಘನ ಅಡಿ, ನೆನೆದ ಸುಣ್ಣ 45ರಿಂದ 50 ಲೀಟರು. ಅಷ್ಟಾಗಲು ಸುಟ್ಟ ಚಿಪ್ಪು 25 ಕಿಲೋ ಸಾಕು, ಕಸ ಹೋಗುವುದೆಂದು 30 ತನ್ನಿ. ಕಲಸಿಟ್ಟ ಗಾರೆಯನ್ನು ಒದ್ದೆ ಗೋಣಿ ಮುಚ್ಚಿ ವಾರಗಟ್ಟಲೆ ಇಟ್ಟು ಮತ್ತೆ ತುಳಿದು ಬಳಸಬಹುದು, ಸಂಜೆಗೆ ಉಳಿದದ್ದನ್ನು ಚೆಲ್ಲಬೇಕಾಗಿಲ್ಲ. ಸಿಮೆಂಟಿಗೆ ಈ ಸೌಕರ್ಯ ಇಲ್ಲ.

ಪಡುವಣ ಗಾಳಿಮಳೆ ನೇರ ಹೊಡೆಯುವ ಗೋಡೆಗೂ ಅಡಿಪಾಯದ ಮೇಲಿನ ಮೊದಲ ಎರಡಡಿಗೂ ಬರೀ ಸುಣ್ಣ ಸಾಲದು. ಅಲ್ಲಿ ಸುರ್ಕಿ, ಅಂದರೆ ಇಟ್ಟಿಗೆಹುಡಿ, ಬೇಕು: ಸುಣ್ಣ ಒಂದು, ಸುರ್ಕಿ ಒಂದು, ಹೊಯ್ಗೆ ಎರಡು. ಇಟ್ಟಿಗೆಹುಡಿಯಲ್ಲಿರುವ ಸುಟ್ಟ ಜೇಡಿ ಸುಣ್ಣದೊಂದಿಗೆ ಕೂಡಿ ತೇವದಲ್ಲೂ ಗಟ್ಟಿಯಾಗುವ ಗುಣ ಕೊಡುತ್ತದೆ. ಆದರೆ ಹದವಾಗಿ ಸುಟ್ಟ ಇಟ್ಟಿಗೆಯ, ನುಣ್ಣಗೆ ಅರೆದ ಹುಡಿಯಾಗಬೇಕು. ಕರ್ರಗೆ ಬೆಂದ ಇಟ್ಟಿಗೆಯ ಹುಡಿ ಹೊಯ್ಗೆಯಷ್ಟೇ ನಿರ್ಜೀವ. ಸುರ್ಕಿ ಬೆರೆಸಿದ್ದನ್ನು ಅದೇ ದಿನ ಮುಗಿಸಬೇಕು.

ಬೆಲ್ಲ, ಅಳಲೆಕಾಯಿ, ಗುಳಿಮಾವಿನ ತೊಗಟೆಯ ಲೋಳೆ ಇವುಗಳ ಬಗ್ಗೆ ಕೇಳುವವರು ಬಹಳ. ಕುಮ್ಮಾಯದ, ಅಂದರೆ ಸುಣ್ಣದ ಗಾರೆಯ, ಕೆಲಸ ಕಂಡ ಹಿರಿಯ ಮೇಸ್ತ್ರಿಗಳು ಬಳಸುತ್ತಿದ್ದರು, ಪ್ರಯೋಜನವೂ ಇದೆ: ಬೆಲ್ಲದ ನೀರು ಸುಣ್ಣವನ್ನು ಹೆಚ್ಚು ಕರಗಿಸುತ್ತದೆ, ಲೋಳೆ ಗಾರೆಯನ್ನು ಜಾರುವಂತೆ ಮಾಡಿ ನೀರು ಬೇಗ ಆರದಂತೆ ಹಿಡಿಯುತ್ತದೆ. ಬೆಲ್ಲ ಹೆಚ್ಚಾದರೆ ಗಾರೆ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ, ಇರುವೆ ಬೇರೆ. ಕೆಟ್ಟ ಸುಣ್ಣವನ್ನು ಇವು ಯಾವುವೂ ಒಳ್ಳೆಯದು ಮಾಡಲಾರವು. ಮೊದಲ ಸಲ ಮಾಡುವವರು ಇವುಗಳ ಗೊಡವೆ ಬಿಟ್ಟು ಹೊಯ್ಗೆ ತೊಳೆಯುವುದರಲ್ಲಿ ಆ ಶ್ರಮ ಹಾಕಲಿ.

ಸಂದು ತುಂಬುವಾಗ ಹಳೆ ಗಾರೆಯನ್ನು ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಕೆರೆದು ತೆಗೆಯಿರಿ, ಉಳಿ ಸುತ್ತಿಗೆಯಿಂದಲೇ. ಕತ್ತರಿಸುವ ಯಂತ್ರ ಕಲ್ಲಿನ ಅಂಚನ್ನೂ ತಿನ್ನುತ್ತದೆ. ಕುಂಚದಿಂದ ಹುಡಿ ತೆಗೆದು, ಹಿಂದಿನ ಸಂಜೆ ಒಮ್ಮೆ, ಕೆಲಸಕ್ಕೆ ತಾಸು ಮೊದಲು ಇನ್ನೊಮ್ಮೆ ಗೋಡೆ ತೋಯಿಸಿ. ಮುಟ್ಟಿದರೆ ತಂಪು ಹತ್ತಬೇಕು, ನೀರು ಇಳಿಯುತ್ತಿರಬಾರದು. ಒಣ ಮುರಕಲ್ಲು ಗಾರೆಯ ನೀರನ್ನು ಕ್ಷಣದಲ್ಲಿ ಹೀರಿಬಿಡುತ್ತದೆ, ಮರುದಿನ ಸಾರಣೆ ಕೈಯಲ್ಲಿ ಬರುತ್ತದೆ. ಸಾರಣೆಗೆ ಒಂದು ಪದರ 10ರಿಂದ 12 ಮಿಲಿಮೀಟರು, ಹೆಚ್ಚಿಲ್ಲ. ಮೊದಲ ಪದರಕ್ಕೆ ಒಂದೆರಡು ಇಂಚಿಗೆ ಕತ್ತರಿಸಿದ ತೆಂಗಿನ ನಾರು ಬಿಡಿಸಿ ಸೇರಿಸಿದರೆ ಬಿರುಕು ಕಡಿಮೆ. ಮೈ ಗೀರಿ ಒರಟು ಮಾಡಿ ವಾರ ಹತ್ತುದಿನ ಬಿಟ್ಟು ಎರಡನೆಯದು. ಬಿಸಿಲು ಬೀಳುವ ಕಡೆ ಮಡಲು ಕಟ್ಟಿ, ಒದ್ದೆ ಗೋಣಿ ಇಳಿಬಿಟ್ಟು ದಿನಕ್ಕೆ ಮೂರು ನಾಲ್ಕು ಸಲ ಮಂಜಿನಂತೆ ನೀರು ಸಿಂಪಡಿಸಿ, ಕನಿಷ್ಠ ಒಂದು ವಾರ. ಹೆಚ್ಚಿನ ಕಡೆ ಕೆಲಸ ಕೆಡುವುದು ಇಲ್ಲೇ. ಬೇಗ ಒಣಗಿದ ಸುಣ್ಣ ಗಟ್ಟಿಯಾಗಿರುವುದಿಲ್ಲ, ನೀರು ಕಳೆದುಕೊಂಡಿರುತ್ತದೆ ಅಷ್ಟೆ. ಅಂಗೈ ಸವರಿದರೆ ಬಿಳಿ ಹುಡಿ. ಆಮೇಲೆ ಎಷ್ಟು ನೀರು ಹೊಡೆದರೂ ಪೂರ್ತಿ ಸರಿಹೋಗುವುದಿಲ್ಲ.

ಒಳಗಿನವರೆಗೆ ಗಾಳಿ ತಾಗಿ ಗಟ್ಟಿಯಾಗಿದೆಯೇ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಮೂಲೆಯಲ್ಲಿ ಚಿಕ್ಕ ಚೂರು ಮುರಿದು, ಹೊಸ ಮುರಿತದ ಮೇಲೆ ಶಾಲೆಯ ಪ್ರಯೋಗಾಲಯದ ಫಿನಾಲ್ಫ್ತಲೀನ್ ಒಂದು ಹನಿ ಹಾಕಿ. ಗುಲಾಬಿ ಬಣ್ಣ ಬಂದಷ್ಟು ಜಾಗ ಇನ್ನೂ ಹಸಿ ಸುಣ್ಣ. ಫೆಬ್ರವರಿ ನಡುವಿನೊಳಗೆ ಕೊನೆಯ ಪದರ ಮುಗಿದರೆ ಜೂನಿನ ಮಳೆಗೆ ಮೂರು ತಿಂಗಳಿಗೂ ಹೆಚ್ಚು ಸಿಗುತ್ತದೆ. ಏಪ್ರಿಲಿನಲ್ಲಿ ಮಾಡಿದ್ದು ಮಳೆಗೆ ಕರಗಿ ಬಿಳಿ ಕಣ್ಣೀರಾಗಿ ಇಳಿದರೆ ಸುಣ್ಣವನ್ನು ಬೈದು ಫಲವಿಲ್ಲ.

ಇನ್ನು ಚೀಲದ ಪುಡಿ ಸುಣ್ಣ. ಅರಳಿಸುವ ಅಪಾಯವಿಲ್ಲ, ಎಲ್ಲೆಡೆ ಸಿಗುತ್ತದೆ. ಹೊಸ ಸರಕಾದರೆ ಎರಡನೆಯ ಸ್ಥಾನ ಕೊಡಬಹುದು. ತೊಂದರೆ ಎಂದರೆ ಗೋದಾಮಿನಲ್ಲಿ ಕೂತಷ್ಟೂ ದಿನ ಚೀಲದೊಳಗೇ ಗಾಳಿ ಕುಡಿದು ಸಾಯುತ್ತಿರುತ್ತದೆ. ಒಂದು ಚಮಚದ ಮೇಲೆ ವಿನೆಗರ್ ಹಾಕಿ ನೋಡಿ: ಬುರುಬುರು ನೊರೆ ಎದ್ದರೆ ಅದು ಆಗಲೇ ಸುಣ್ಣದಕಲ್ಲಾಗಿದೆ, ತಣ್ಣಗಿದ್ದರೆ ಜೀವ ಇದೆ. ತಂದ ಮೇಲೂ ಒಣಪುಡಿಯಾಗಿ ಬಳಸದೆ ನೀರಿನಲ್ಲಿ ಒಂದೆರಡು ವಾರ ನೆನೆಸಿಡಿ. ಹಾಗೆ ಮಾಡಿದರೂ ಚಿಪ್ಪಿನ ಸುಣ್ಣದ ಜಿಗುಟು ಇದಕ್ಕೆ ಬರುವುದಿಲ್ಲ, ಕರಣೆಯಿಂದ ಗೋಡೆಗೆ ಹೊಡೆದಾಗ ಅರ್ಧ ಕೆಳಗೆ ಉದುರುತ್ತದೆ. ಸಂದು ತುಂಬಲು, ಒಳಗೋಡೆಗೆ, ಸುಣ್ಣ ಬಳಿಯಲು ಸಾಕು.

ಹೈಡ್ರಾಲಿಕ್ ಸುಣ್ಣ ನೀರಿನಿಂದಲೇ ಗಟ್ಟಿಯಾಗುವ ಜಾತಿ. ಯುರೋಪಿನ ಮಾನಕದಲ್ಲಿ 2, 3.5, 5 ಎಂದು ಮೂರು ದರ್ಜೆ. ಸಂಖ್ಯೆ 28 ದಿನಕ್ಕೆ ಚದರ ಮಿಲಿಮೀಟರಿಗೆ ಅಷ್ಟಾದರೂ ನ್ಯೂಟನ್ ತಡೆಯುತ್ತದೆ ಎಂಬ ಕನಿಷ್ಠ ಬಲ. ಸಾಮಾನು ಚೊಕ್ಕ, ನಂಬಬಹುದು, ಅವಸರದವರಿಗೆ ಅನುಕೂಲ. ಆದರೆ ಸಮುದ್ರ ದಾಟಿ ಬರುವ ಚೀಲದ ದರ ಊರಿನ ಸುಣ್ಣದ ಎಷ್ಟೋ ಪಟ್ಟು, ಇಡೀ ಮನೆಗೆ ಬಳಸುವುದು ದುಡ್ಡಿನ ಹೊಳೆ ಹರಿಸಿದಂತೆ. ಮಾಡಿಲ್ಲದೆ ಮಳೆಗೆ ನಿಂತ ಪಾಗಾರದ ನೆತ್ತಿ, ಬಾವಿಕಟ್ಟೆ, ಮೆಟ್ಟಿಲಿನ ಸಂದು ಇಂಥಲ್ಲಿ 3.5ರ ದರ್ಜೆ ಯೋಗ್ಯ. 5 ನಮ್ಮ ಮೆದು ಮುರಕಲ್ಲಿಗೆ ಅತಿಯಾಯಿತು. ಚೀಲದ ಮೇಲೆ ‘ಹೈಡ್ರೇಟೆಡ್’ ಎಂದಿದ್ದರೆ ಅದು ಮೇಲೆ ಹೇಳಿದ ಸಾಮಾನ್ಯ ಪುಡಿ, ಆ ಬೆಲೆ ತೆರಬೇಡಿ.

ನಾಲ್ಕನೆಯದರ ಬಗ್ಗೆ ಹೇಳಲು ಉಳಿದದ್ದು ಸ್ವಲ್ಪವೇ. ಬಣ್ಣದ ಅಂಗಡಿಯಲ್ಲಿ ‘ಪುಟ್ಟಿ ಕೊಡಿ’ ಎಂದರೆ ಬರುವುದು ಬಿಳಿ ಸಿಮೆಂಟು ಮತ್ತು ಅಂಟು ಸೇರಿದ ವಾಲ್ ಪುಟ್ಟಿ. ನೆನೆದ ಸುಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಅದರ ಮೇಲೆ ಎಮಲ್ಶನ್ ಬಣ್ಣ ಎರಡು ಕೈ ಹೊಡೆದರೆ ಕಷ್ಟಪಟ್ಟು ಮಾಡಿದ ಸುಣ್ಣದ ಸಾರಣೆಗೆ ಪ್ಲಾಸ್ಟಿಕ್ ಹೊದಿಸಿದ ಹಾಗೆ. ‘ಒಂದು ಬಾಂಡಲಿ ಸಿಮೆಂಟು ಸೇರಿಸಿದರೆ ಬೇಗ ಹಿಡಿಯುತ್ತದೆ’ ಎಂಬ ಸಲಹೆಯೂ ಬರುತ್ತದೆ. ಚೂರು ಸಿಮೆಂಟು ಬೆರೆತ ಸುಣ್ಣಕ್ಕೆ ಸಿಮೆಂಟಿನ ಬಲವೂ ಇಲ್ಲ, ಸುಣ್ಣದ ಬಾಳಿಕೆಯೂ ಇಲ್ಲ. ಹಳೆ ಸಿಮೆಂಟ್ ಸಾರಣೆ ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಕಿತ್ತು ಕಲ್ಲು ಒಡೆಯುವುದಕ್ಕಿಂತ ಬಿಟ್ಟುಬಿಡಿ; ಟೊಳ್ಳು ಸದ್ದು ಬಂದಷ್ಟನ್ನೇ ತೆಗೆಯಿರಿ.

ಮೇಲಿಂದ ಸುಣ್ಣವನ್ನೇ ಬಳಿಯಿರಿ. ನೆನೆದ ಸುಣ್ಣವನ್ನು ಹಾಲಿನ ಹದಕ್ಕೆ ನೀರು ಮಾಡಿ, ಸೋಸಿ, ತೆಳ್ಳಗೆ ಐದಾರು ಕೈ, ಕೈಕೈಗೂ ಒಂದು ದಿನದ ಅಂತರ. ಹಚ್ಚುವಾಗ ಗೋಡೆ ಕಾಣುವಷ್ಟು ತೆಳು ಇರಬೇಕು, ಆರಿದ ಮೇಲೆ ಬಿಳುಪು ತಾನೇ ಏರುತ್ತದೆ. ದಪ್ಪಗೆ ಎರಡೇ ಕೈಯಲ್ಲಿ ಮುಗಿಸಿದರೆ ಹಕ್ಕಳೆಯೆದ್ದು ಬೀಳುತ್ತದೆ. ಪಡುವಣ ಗೋಡೆಗೆ ಇದು ವರ್ಷವರ್ಷದ ಕೆಲಸ, ಉಳಿದ ಕಡೆ ಎರಡು ಮೂರು ವರ್ಷಕ್ಕೊಮ್ಮೆ.

ಮೇಸ್ತ್ರಿಯ ಜೊತೆ ಚದರಡಿ ಲೆಕ್ಕದಲ್ಲಿ ಒಪ್ಪಂದ ಮಾಡಿಕೊಳ್ಳಬೇಡಿ. ಸುಣ್ಣದ ಕೆಲಸದಲ್ಲಿ ಅರ್ಧ ಪಾಲು ಕಾಯುವುದು, ತೋಯಿಸುವುದು, ಮರುದಿನ ಬಂದು ಬಿರುಕನ್ನು ಮರದ ಹಲಗೆಯಿಂದ ಒತ್ತಿ ಮುಚ್ಚುವುದು. ಚದರಡಿಗೆ ದುಡ್ಡು ಕೊಟ್ಟರೆ ಇದಿಷ್ಟೂ ಬಿಟ್ಟುಹೋಗುತ್ತದೆ. ದಿನಗೂಲಿ ಕೊಡಿ, ನೀರು ಸಿಂಪಡಿಸುವ ಆಳಿಗೆ ಬೇರೆಯೇ ಕೂಲಿ ಇಡಿ. ಕೆಲಸ ಶುರುಮಾಡುವ ಮುಂಚೆ ಹಿತ್ತಿಲ ಕಡೆ ಮೂರಡಿ ಉದ್ದ ಮೂರಡಿ ಎತ್ತರದ ಮಾದರಿ ಹಾಕಿಸಿ, ಎರಡು ವಾರ ಬಿಟ್ಟು ಉಗುರಿನಿಂದ ಗೀರಿ ನೋಡಿ. ಹುಡಿ ಬಂದರೆ ಮುಂದಿನ ಗೋಡೆಗೆ ಹೋಗುವ ಮೊದಲೇ ಹೊಯ್ಗೆಯೋ ತೋಯಿಸಿದ್ದೋ ಎಲ್ಲಿ ತಪ್ಪಿತೆಂದು ಕೂತು ಮಾತಾಡಬಹುದು. ಕೂಲಿಯ ಕೊನೆಯ ಕಂತು ಮಾತ್ರ ಮಳೆಗಾಲ ಕಳೆದ ಮೇಲೆ.